ಮೇಲಿನ ತಂತಿಗಳ ಕೊಸರು

೧೯೭೪ನೇ ಇಸವಿ ಜೂನ್ ಮೂರನೆಯ ತಾರೀಖು, ಸೋಮವಾರ ಬೆಳಿಗ್ಗೆ ನಾವು ಅಂಗಡಿಯ ಬಾಗಿಲು ಮೊದಲ ಸಲ ತೆರೆದಾಗ ಒಳಗೆ ಹದಿನೇಳು ವಾದ್ಯಗಳಿದ್ದವು: ಎರಡು ಪಿಯಾನೋ, ನಾಲ್ಕು ಪಿಟೀಲು, ಆರು ಗಿಟಾರ್, ಐದು ಕೊಳಲು. ಸಂಜೆ ಬಾಗಿಲು ಹಾಕುವಾಗಲೂ ಹದಿನೇಳೇ ಇದ್ದವು.

ನಾವು ಎಂದರೆ ಮೂವರು: ನಾನು, ನನ್ನ ಹೆಂಡತಿ, ಅವಳ ತಮ್ಮ. ಅದಕ್ಕೆ ಮೊದಲು ನಾನು ಪ್ರೌಢಶಾಲೆಯಲ್ಲಿ ಅಂಕಗಣಿತ ಕಲಿಸುತ್ತಿದ್ದೆ. ಸಂಗೀತ ನನಗೆ ತಿಳಿಯದು. ಇದು ವಿನಯದ ಮಾತಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಪಕ್ಕದ ಕೋಣೆಯಲ್ಲಿ ಜಗಳವಾಡಿದರೆ ಹೇಗೆ ಕೇಳಿಸುವುದೋ, ಸಂಗೀತ ನನಗೆ ಹಾಗೆ ಕೇಳಿಸುತ್ತದೆ. ಹೀಗಿದ್ದೂ ವಾದ್ಯದ ಅಂಗಡಿ ಇಟ್ಟದ್ದೇಕೆ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ ಆಗಿತ್ತು: ಔಷಧಿ ಮಾರುವವನು ಕಾಯಿಲೆ ಬೀಳಬೇಕಾಗಿಲ್ಲ.

ನನ್ನ ಭಾವಮೈದುನ ಪಿಯಾನೋ ಶ್ರುತಿ ಮಾಡುವವನು. ಅವನು ಆ ಕೆಲಸ ಕಲಿತದ್ದರ ಹಿಂದೆ ಒಂದು ಪಿಯಾನೋ ಇದೆ. ಅವರ ತಂದೆ ತೀರಿಕೊಂಡಾಗ ಅವನಿನ್ನೂ ಹುಡುಗ. ಅಕ್ಕನಿಗೆ ಇಪ್ಪತ್ತು ತುಂಬಿತ್ತು. ಮನೆಯಲ್ಲಿ ಬೆಲೆ ಬಾಳುವಂಥದ್ದು ಅವಳು ನುಡಿಸುತ್ತಿದ್ದ ಪಿಯಾನೋ ಒಂದೇ. ಅವಳು ಅದನ್ನು ಮಾರಿ, ಆ ಹಣದಿಂದ ತಮ್ಮನನ್ನು ಬೇರೆ ಊರಿನ ಒಬ್ಬ ನುರಿತ ಕೆಲಸಗಾರರ ಬಳಿ ಐದು ವರ್ಷ ಕಲಿಯಲು ಬಿಟ್ಟಳು. ಆಳುಗಳು ಪಿಯಾನೋವನ್ನು ಮೆಟ್ಟಿಲಿಳಿಸಿ ಒಯ್ಯುವಾಗ ಹುಡುಗ ಗೇಟಿನವರೆಗೂ ಅದರ ಹಿಂದೆಯೇ ಹೋದನಂತೆ. ತಿರುಗಿ ಬಂದವನು, "ಅಕ್ಕ, ಇದನ್ನ ನಾನು ವಾಪಸ್ ತಂದುಕೊಡ್ತೀನಿ" ಎಂದನಂತೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ಒಮ್ಮೆ ಹೇಳಿದ್ದಳು. ಎರಡನೆಯ ಸಲ ಹೇಳಲಿಲ್ಲ.

ಅವನು ಕಲಿತು ಬಂದ. ಎಂಥ ಕಿವಿ ಹೊತ್ತುಕೊಂಡು ಬಂದನೆಂದರೆ, ಒಂದೇ ವರ್ಷದಲ್ಲಿ ಊರಿನವರು ಅವನ ಹೆಸರು ಮರೆತು ಕಿವಿಯಪ್ಪ ಎಂದು ಕರೆಯತೊಡಗಿದರು. ವಾದ್ಯ ಮಾರಿ ಬದುಕಲು ಸಾಧ್ಯವಿಲ್ಲವೆಂಬುದು ನನಗೆ ಮೊದಲ ಆರು ತಿಂಗಳಲ್ಲಿ ಸ್ಪಷ್ಟವಾಯಿತು. ಒಮ್ಮೆ ಪಿಟೀಲು ಕೊಂಡವನು ಜನ್ಮದಲ್ಲಿ ಇನ್ನೊಂದು ಪಿಟೀಲು ಕೊಳ್ಳುವುದಿಲ್ಲ. ಆದರೆ ಪಿಯಾನೋದ ತಂತಿಗಳು ಸುಮ್ಮನಿದ್ದರೂ ಸಡಿಲವಾಗುತ್ತವೆ. ಸೆಕೆಗೊಮ್ಮೆ, ಚಳಿಗೊಮ್ಮೆ ಅವನನ್ನು ಕರೆಯಲೇಬೇಕು. ಅವನನ್ನು ಕರೆಸಿಕೊಂಡ ಮನೆಗಳ ಮಕ್ಕಳು ಮುಂದೆ ನಮ್ಮಲ್ಲೇ ಗಿಟಾರು, ಕೊಳಲು ಕೊಳ್ಳುತ್ತಿದ್ದರು. ಅಂಗಡಿ ನಿಂತದ್ದು ಅವನ ಎರಡು ಕಿವಿಗಳ ಮೇಲೆ.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ನಾನು. ನನ್ನ ನಿಯಮಗಳು ಗೋಡೆಯ ಮೇಲಿದ್ದವು: ಒಂದೇ ಬೆಲೆ, ಸಾಲವಿಲ್ಲ, ಕೊಸರಿಲ್ಲ. ಮೂರನೆಯದನ್ನು ಯಾರೂ ಓದುತ್ತಿರಲಿಲ್ಲ.

"ಯಜಮಾನ್ರೇ, ಇಷ್ಟು ದೊಡ್ಡ ಗಿಟಾರ್ ತಗೊಂಡಿದ್ದೀನಿ. ಒಂದು ತಂತಿ ಕೊಸರು ಹಾಕಿ."

"ಗಿಟಾರಿಗೆ ಆರು ತಂತಿ ಇದೆ. ಏಳನೇದು ಎಲ್ಲಿ ಕಟ್ತೀರಿ?"

"ಒಂದು ಕಿತ್ತುಹೋದ್ರೆ?"

"ಆವಾಗ ಬನ್ನಿ. ಮಾರ್ತೀವಿ."

ಗಿರಾಕಿ ಮುಖ ಊದಿಸಿಕೊಂಡು ಹೊರಡುತ್ತಲೇ ನನ್ನ ಭಾವಮೈದುನ ಗಾಜು ಒರೆಸುವ ನೆವದಲ್ಲಿ ಬೀದಿಗಿಳಿಯುತ್ತಿದ್ದ. ಅವನ ಜೇಬಿನಿಂದ ಒಂದು ತಂತಿ ಗಿರಾಕಿಯ ಜೇಬಿಗೆ ಹೋಗುತ್ತಿತ್ತು. ನಾನು ಗದರಿದರೆ ನಗುತ್ತಿದ್ದ.

"ಭಾವ, ನೀವು ಉಸಿರು ಬಿಟ್ಟಾಗಲೂ ಚಿಲ್ಲರೆ ವಾಪಸ್ ಕೇಳ್ತೀರಲ್ಲ!"

"ಆ ತಂತಿ ಪುಕ್ಕಟೆ ಬರಲ್ಲ."

"ನೀವೂ ಪುಕ್ಕಟೆ ಬರ್ಲಿಲ್ಲ ಭಾವ. ಅಕ್ಕ ಎಷ್ಟು ಸಹಿಸ್ಕೊಂಡಿದ್ದಾಳೆ, ಅದನ್ನ ಯಾರ ಖಾತೆಗೆ ಹಾಕೋಣ?"

ಒಳಗಿನ ಬಾಗಿಲ ಹತ್ತಿರ ಪಿಟೀಲಿನ ಕಮಾನುಗಳಿಗೆ ರಾಳ ತಿಕ್ಕುತ್ತ ಕುಳಿತ ನನ್ನ ಹೆಂಡತಿ ತಲೆ ಎತ್ತದೆ, "ನನ್ನ ಹೆಸರು ಯಾಕೋ ಎಳೀತೀಯ" ಎನ್ನುತ್ತಿದ್ದಳು. ದಿನವೂ ಮಧ್ಯಾಹ್ನ ಅವನು ನಮ್ಮಲ್ಲೇ ಉಣ್ಣುತ್ತಿದ್ದ. ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, ಗೊರಕೆಯ ಶ್ರುತಿ ಹೊಂದುವವರು ಸಿಗಲಿಲ್ಲ ಎನ್ನುತ್ತಿದ್ದ.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು.

ನಮ್ಮ ಅಂಗಡಿಯ ಬಾಗಿಲಿಗೆ ಒಂದು ಪುಟ್ಟ ಹಿತ್ತಾಳೆ ಗಂಟೆ ಕಟ್ಟಿತ್ತು. ಸೂಜಿಯಂಥ ಸಣ್ಣ ಸದ್ದು ಅದರದು. ಒಂದು ದಿನ ಅದು ಸದ್ದು ಮಾಡಿ ಗಿರಾಕಿಯೊಬ್ಬ ಒಳಗೆ ಬಂದರೂ, ಬಾಗಿಲ ಪಕ್ಕದಲ್ಲೇ ಪಿಯಾನೋ ಬಿಚ್ಚಿಕೊಂಡು ಕುಳಿತಿದ್ದ ನನ್ನ ಭಾವಮೈದುನ ಕತ್ತೆತ್ತಲಿಲ್ಲ. ಗಿರಾಕಿಯ ನೆರಳು ಕೈಮೇಲೆ ಬಿದ್ದಾಗ ಎತ್ತಿದ. ಮರುದಿನವೂ ಹಾಗೆಯೇ ಆಯಿತು. ಎರಡು ಸಲದಿಂದ ಏನನ್ನೂ ತೀರ್ಮಾನಿಸಲಾಗದು. ಹೆಂಡತಿ ಮನೆಗೆ ಹೋಗಿದ್ದ ಹೊತ್ತು ನೋಡಿ, ಶಾಲೆಯ ಮಕ್ಕಳು ಬಾರಿಸುವ ಉಕ್ಕಿನ ತ್ರಿಕೋನವೊಂದನ್ನು ಕಪಾಟಿನಿಂದ ತೆಗೆದು ಅವನ ಬೆನ್ನ ಹಿಂದೆ ನಿಂತು ಹೊಡೆದೆ. ಅವನು ಬಿರಡೆ ತಿರುಗಿಸುತ್ತಲೇ ಇದ್ದ. ಮತ್ತೆ ಹೊಡೆದೆ. ಮತ್ತೊಮ್ಮೆ ಹೊಡೆದೆ.

"ಎಷ್ಟು ಹೊತ್ತು ಹೊಡೀತೀರಿ ಭಾವ?" ಎಂದ ಅವನು, ತಿರುಗದೆ. "ಕಪಾಟಿನ ಗಾಜಲ್ಲಿ ಕಾಣ್ತಿದೆ."

ನಾನು ತ್ರಿಕೋನವನ್ನು ಕೆಳಗಿಟ್ಟೆ.

"ಏನೂ ಕೇಳಿಸ್ತಿಲ್ವಾ?"

"ಮಾತು ಕೇಳ್ಸುತ್ತೆ. ಪಿಯಾನೋದಲ್ಲಿ ಕೆಳಗಿಂದು, ಮಧ್ಯದ್ದು ಚೆನ್ನಾಗೇ ಕೇಳ್ಸುತ್ತೆ. ಮೇಲಿನ ಇಪ್ಪತ್ತು ಸ್ವರ ಹೋಗ್ಬಿಟ್ಟಿದೆ. ಮರದ ಸುತ್ತಿಗೆ ಟಕ್ ಅನ್ನೋದು ಬಿಟ್ರೆ ಬೇರೇನಿಲ್ಲ." ಅವನು ಬಿರಡೆ ತಿರುಗಿಸುವ ಕೀಲಿಯನ್ನು ಮಡಿಲಲ್ಲಿಟ್ಟುಕೊಂಡ. "ಇಷ್ಟು ದಿನ ಕೈ ಅಂದಾಜಲ್ಲಿ ಮಾಡ್ಕೊಂಡು ಬಂದೆ. ಮನೆಗಳಲ್ಲಿ ನಡೀತು. ಮಕ್ಕಳು ಅಷ್ಟು ಮೇಲಕ್ಕೆ ಹೋಗಲ್ಲ."

"ಡಾಕ್ಟರು?"

"ವಾಪಸ್ ಬರಲ್ಲ ಅಂದ್ರು." ಆಮೇಲೆ ಅವನು ತಗ್ಗಿದ ದನಿಯಲ್ಲಿ, "ಅಕ್ಕನಿಗೆ ಗೊತ್ತಾಗಬಾರದು ಭಾವ. ಅವಳ ಪಿಯಾನೋ ಈ ಕಿವಿಗೆ ಹೋಗಿದೆ. ಕಿವೀನೂ ಇಲ್ಲ, ಪಿಯಾನೋನೂ ಇಲ್ಲ ಅಂತ ಅವಳ ಮುಂದೆ ಹೇಗೆ ನಿಂತ್ಕೊಳ್ಳಲಿ?" ಎಂದ.

ಅವನು ನಗದೆ ನನ್ನೊಡನೆ ಇಷ್ಟು ಮಾತಾಡಿದ್ದು ಅದೇ ಮೊದಲು.

ಕಷ್ಟವೆಂದರೆ, ಕಾಲೇಜಿನ ಸಭಾಂಗಣದ ದೊಡ್ಡ ಪಿಯಾನೋವನ್ನು ಶ್ರುತಿ ಮಾಡುವ ಕೆಲಸವನ್ನು ನಾವು ಆಗಲೇ ಒಪ್ಪಿಕೊಂಡಿದ್ದೆವು. ಹೊರಗಿನಿಂದ ಒಬ್ಬ ವಾದಕರು ಬರುವವರಿದ್ದರು. ಊರಿನ ಸಂಗೀತ ಬಲ್ಲವರೆಲ್ಲ ಅಲ್ಲಿರುತ್ತಿದ್ದರು. ಮಾಡುವುದಿಲ್ಲವೆಂದರೆ ಕಾರಣ ಹೇಳಬೇಕು. ಕೆಡಿಸಿದರೆ ಕಾರಣವನ್ನು ಹೇಳುವುದೇ ಬೇಡ, ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು. ಮೊದಲು ತಿಳಿಯುವವಳು ಅವನ ಅಕ್ಕ.

ದಾರಿ ಹುಡುಕಿದವನು ನಾನು. ಗಿಟಾರು ಕಲಿಯುವವರಿಗೆಂದು ಆ ವರ್ಷ ಹೊಸದೊಂದು ಯಂತ್ರ ಮಾರಾಟಕ್ಕೆ ಬಂದಿತ್ತು: ಕೈಯಗಲದ ಪೆಟ್ಟಿಗೆ, ಅದರ ಮುಖದಲ್ಲೊಂದು ಮುಳ್ಳು. ಸ್ವರ ತಗ್ಗಿದ್ದರೆ ಮುಳ್ಳು ಎಡಕ್ಕೆ, ಏರಿದ್ದರೆ ಬಲಕ್ಕೆ, ಸರಿಯಿದ್ದರೆ ನಟ್ಟನಡುವೆ ನಿಲ್ಲುತ್ತದೆ. ಕೆಲಸ ಸರಳವಾಗಿ ಕಂಡಿತು. ಒಂದು ಸ್ವರದ ತಂತಿ ಕ್ಷಣಕ್ಕೆ ಎಷ್ಟು ಸಲ ಕಂಪಿಸುವುದೋ ಅದರ ಎರಡರಷ್ಟು ಕಂಪಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ. ಯಾವ ಪಠ್ಯಪುಸ್ತಕ ತೆರೆದರೂ ಇದು ಸಿಗುತ್ತದೆ. ಮಧ್ಯದ ಸ್ವರಗಳನ್ನು ಅವನು ತನ್ನ ಕಿವಿಯಿಂದಲೇ ಕೂರಿಸಲಿ. ಮೇಲಿನ ಇಪ್ಪತ್ತನ್ನು ನಾನು ಎರಡರಿಂದ ಗುಣಿಸುತ್ತ ಹೋಗುತ್ತೇನೆ. ಮುಳ್ಳು ನೋಡಿ ಬೆರಳಿನಿಂದ ಸನ್ನೆ ಮಾಡುತ್ತೇನೆ. ಅವನ ಕೈ ನನ್ನ ಬೆರಳನ್ನು ಅನುಸರಿಸಲಿ.

"ಹತ್ತೊಂಬತ್ತು ವರ್ಷ ಆದ್ಮೇಲೆ ನೀವು ಹೇಳಿದ ಹಾಗೆ ಕುಣಿಯೋ ಕಾಲ ಬಂತಲ್ಲ ಭಾವ" ಎಂದ. ಆದರೆ ಒಪ್ಪಿದ.

ಸಭಾಂಗಣ ಖಾಲಿಯಿತ್ತು. ಸಾಲು ಕುರ್ಚಿಗಳ ಮೇಲೆ ಬಟ್ಟೆ ಹೊದಿಸಿದ್ದರು. ನಾವು ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡಿದೆವು. ಒಂದೊಂದು ಸ್ವರಕ್ಕೂ ಮೂರು ಮೂರು ತಂತಿ. ಎರಡನ್ನು ಕಂಬಳಿಯ ತುಂಡಿನಿಂದ ಅದುಮಿಟ್ಟು ಒಂದನ್ನು ಕೂರಿಸಬೇಕು, ಆಮೇಲೆ ಉಳಿದವನ್ನು ಅದಕ್ಕೆ ಹೊಂದಿಸಬೇಕು. ಮುಳ್ಳು ನಡುವೆ ಬಂದಾಗ ನಾನು ಬೆರಳು ಮಡಿಸುತ್ತಿದ್ದೆ. ಅವನ ಮಣಿಕಟ್ಟು ಅಲ್ಲಿಗೇ ನಿಲ್ಲುತ್ತಿತ್ತು. ಕೂದಲೆಳೆಯಷ್ಟೂ ಮುಂದೆ ಹೋಗುತ್ತಿರಲಿಲ್ಲ. ಅಷ್ಟು ನಿಖರವಾದ ಕೆಲಸವನ್ನು ನಾನು ಅದುವರೆಗೆ ಕಂಡಿರಲಿಲ್ಲ, ಮಾಡಿಯೂ ಇರಲಿಲ್ಲ. ನನಗೆ ತೃಪ್ತಿಯಾಯಿತು.

ಕಾಲೇಜಿನ ಸಂಗೀತದ ಮೇಡಂ ಬಂದು ನುಡಿಸಿ ನೋಡಿದರು. ಮಧ್ಯದಲ್ಲಿ ಕೈಯಾಡಿಸಿದಾಗ ತಲೆದೂಗಿದರು. ಬಲಗೈ ಮೇಲೇರುತ್ತ ಹೋದಂತೆ ಅವರ ತಲೆ ನಿಂತಿತು. ಮತ್ತೆ ಕೆಳಗಿನಿಂದ ಮೇಲಕ್ಕೆ ಹೋದರು.

"ಮೇಷ್ಟ್ರೇ, ಮೇಲೆ ಹೋಗ್ತಾ ಹೋಗ್ತಾ ಸೋತುಹೋಗುತ್ತೆ ಇದು. ಮೆಟ್ಟಿಲು ಹತ್ತಿ ಸುಸ್ತಾದವರ ಹಾಗೆ."

"ಸಾಧ್ಯವಿಲ್ಲ ಮೇಡಂ." ನಾನು ಮುಳ್ಳಿನ ಪೆಟ್ಟಿಗೆ ತೋರಿಸಿದೆ. ಒಂದೊಂದು ಸ್ವರವನ್ನೂ ಅವರ ಎದುರಿಗೇ ನುಡಿಸಿದೆ. ಮುಳ್ಳು ನಡುವಿನಿಂದ ಅಲುಗಲಿಲ್ಲ. "ನೋಡಿ. ಸರಿಯಾಗಿ ಎರಡರಷ್ಟು."

"ಲೆಕ್ಕ ಸರಿ ಇರಬಹುದು. ಕಿವಿಗೆ ತಗ್ಗಿದೆ." ಅವರು ನನ್ನ ಭಾವಮೈದುನನತ್ತ ತಿರುಗಿದರು. "ಇದು ನಿಮ್ಮ ಕೈ ಕೆಲಸ ಅಲ್ಲ ಕಿವಿಯಪ್ಪ. ನೀವು ಮಾಡಿದ್ರೆ ಮೇಲಿನ ಸ್ವರ ಮಿಂಚ್ತಿತ್ತು. ಏನಾಯ್ತು?"

ಯಾವ ಮಾತಿಗೂ ಎದುರುಮಾತು ಇಟ್ಟುಕೊಂಡಿರುತ್ತಿದ್ದವನು ಕೀಲಿಯನ್ನು ಚೀಲಕ್ಕೆ ಹಾಕಿ, ಚೀಲದ ಗುಂಡಿಯನ್ನು ತಪ್ಪು ತೂತಿಗೆ ಸಿಕ್ಕಿಸಿದ. ನಾಳಿದ್ದು ಸಂಜೆಯೊಳಗೆ ಸರಿಯಾಗದಿದ್ದರೆ ಬೇರೆ ಊರಿನವರನ್ನು ಕರೆಸಬೇಕಾಗುತ್ತದೆ ಎಂದು ಮೇಡಂ ಹೇಳಿದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅದೇ ಕಷ್ಟವಾಯಿತು.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಕುಳಿತ. ತಟ್ಟೆಗೆ ಕೈಯಿಡಲಿಲ್ಲ. ನನ್ನ ಹೆಂಡತಿ ಮೇಜನ್ನು ಎರಡು ಸಲ ತಟ್ಟಿದಳು. ಅವನು ಕತ್ತೆತ್ತಿದ.

"ಏನೋ ಅದು?"

"ಏನಿಲ್ಲ ಅಕ್ಕ. ಹಸಿವಿಲ್ಲ."

"ಸಭಾಂಗಣದಲ್ಲಿ ಮೇಲಿನ ಸ್ವರ ಕೈಕೊಡ್ತಾ?"

ಅವನು ನನ್ನನ್ನು ನೋಡಿದ. ನಾನು ಹೇಳಿರಲಿಲ್ಲ, ತಲೆ ಅಲ್ಲಾಡಿಸಿದೆ.

"ಅವರನ್ನ ಯಾಕೆ ನೋಡ್ತೀಯ? ಅವರ ಹೊಟ್ಟೇಲಿ ಮಾತು ನಿಲ್ಲುತ್ತೆ, ಅದೊಂದು ಗುಣ ಇದೆ." ಅವಳು ಕುರ್ಚಿ ಎಳೆದು ಅವನ ಎದುರಿಗೆ, ತುಟಿಗಳು ಕಾಣುವಂತೆ ಕುಳಿತಳು. "ಎರಡು ವರ್ಷದಿಂದ ನಾನು ಮೇಜು ತಟ್ಟಿ ಮಾತಾಡ್ತಿದ್ದೀನಿ. ಅದು ಯಾಕೆ ಅಂದ್ಕೊಂಡೆ?"

"ಸಿಟ್ಟು ಅಂದ್ಕೊಂಡೆ."

"ಎರಡು ವರ್ಷ ಒಂದೇ ಸಮ ಸಿಟ್ಟು ಮಾಡ್ಕೊಳ್ಳೋಕೆ ನಾನೇನು ನಿಮ್ಮ ಭಾವನಾ?"

ಅವನು ನಗಲು ಹೋದ, ಆಗಲಿಲ್ಲ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. ಐವತ್ತರ ಹತ್ತಿರದ ಗಂಡಸು ಅಕ್ಕನ ಮುಂದೆ ಹಾಗೆ ಕುಳಿತದ್ದನ್ನು ನೋಡುತ್ತ ಕೂರುವುದು ಸರಿಯಲ್ಲವೆಂದು ನಾನು ಎದ್ದು ನೀರು ತರಲು ಹೋದೆ. ಹೂಜಿಯಲ್ಲಿ ನೀರಿತ್ತು. ಆದರೂ ಹೋದೆ. ನಾನು ತಿರುಗಿ ಬಂದಾಗ ಅವಳು ಹೇಳುತ್ತಿದ್ದುದು ಇಷ್ಟು: "ನಾನು ಮಾರಿದ್ದು ನಿನ್ನ ಕಿವಿಗಲ್ಲ ಕಣೋ. ನಿನಗೆ. ಮೊದಲು ಉಣ್ಣು. ಆಮೇಲೆ ಅಂಗಡಿಗೆ ಹೋಗೋಣ."

ಅಂಗಡಿಯ ಬಾಗಿಲು ಹಾಕಿ ಮೂವರೂ ಅಲ್ಲಿನ ಪಿಯಾನೋದ ಮುಂದೆ ನಿಂತೆವು. ಸಭಾಂಗಣದಲ್ಲಿ ಮಾಡಿದ್ದನ್ನೇ ಮಾಡಿ ತೋರಿಸಿರಿ ಎಂದಳು. ಮುಳ್ಳು ನಡುವೆ ನಿಂತಿತು. ಅವಳು ನುಡಿಸಿದಳು. ಬಹಳ ಕಾಲದ ಮೇಲೆ ಅವಳ ಬೆರಳುಗಳು ಪಿಯಾನೋದ ಮೇಲಿದ್ದವು. ಆರಂಭದಲ್ಲಿ ಒಂದೆರಡು ಕಡೆ ಎಡವಿದವು.

"ಇಲ್ಲಿ ಇನ್ನೂ ಸ್ವಲ್ಪ ಮೇಲೆ."

"ನಡುವೆ ಇದೆ" ಎಂದೆ.

"ಇರ್ಲಿ. ಇನ್ನೂ ಸ್ವಲ್ಪ." ಅವನ ಕೈ ತಿರುಗಿತು. ಮುಳ್ಳು ಬಲಕ್ಕೆ ವಾಲಿತು.

"ಲೆಕ್ಕ ಮೀರಿತು."

"ಮೀರ್ಲಿ ಬಿಡಿ. ಇವನು ಯಾವಾಗ್ಲೂ ಮೇಲಿನ ತಂತಿಗೆ ಒಂದಿಷ್ಟು ಕೊಸರು ಹಾಕ್ತಿದ್ದ. ಮೇಲೆ ಹೋದಷ್ಟೂ ಜಾಸ್ತಿ."

"ನಾನಾ?" ಎಂದ ಅವನು. "ಇಲ್ಲ ಅಕ್ಕ. ನಾನು ಸರಿಯಾಗಿ ಕೂರಿಸ್ತಿದ್ದೆ. ಕೆಳಗಿಂದು ಮೇಲಿಂದು ಎರಡೂ ಒಂದೇ ಅಂತ ಕೇಳ್ಸಿದಾಗ ನಿಲ್ಲಿಸ್ತಿದ್ದೆ, ಅಷ್ಟೇ."

ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಕಲಿಸಿದವರೂ ಅದಕ್ಕೊಂದು ಹೆಸರಿಟ್ಟಿರಲಿಕ್ಕಿಲ್ಲ. ಪಿಯಾನೋದ ಮೇಲಿನ ತಂತಿಗಳು ಗಿಡ್ಡ ಮತ್ತು ಗಡುಸು. ಅವನ್ನು ಸರಿಯಾಗಿ ಎರಡರಷ್ಟಕ್ಕೆ ಕಟ್ಟಿದರೆ ಕಿವಿಗೆ ತಗ್ಗಿದಂತೆ ಕೇಳಿಸುತ್ತದೆ ಎಂಬುದನ್ನು ನಾನು ಬಹಳ ದಿನಗಳ ನಂತರ ಒಂದು ಪುಸ್ತಕದಲ್ಲಿ ಓದಿದೆ. ಅವನ ಕಿವಿ ಕೇಳಿದ್ದನ್ನು ಅವನ ಕೈ ಕೊಡುತ್ತ ಬಂದಿತ್ತು. ಕಿವಿ ಹೋದಮೇಲೆ, ಏನು ಕೊಡುತ್ತಿದ್ದೆನೆಂದು ಹೇಳಲು ಅವನಿಗೆ ತಿಳಿಯಲಿಲ್ಲ. ಕೇಳಬೇಕೆಂದು ನನಗೆ ತೋಚಲಿಲ್ಲ. ಪಕ್ಕದಲ್ಲಿ ಕುಳಿತು ಕಮಾನುಗಳಿಗೆ ರಾಳ ತಿಕ್ಕುತ್ತಿದ್ದವಳು ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ಮಾರನೆಯ ದಿನ ಮೂವರೂ ಸಭಾಂಗಣಕ್ಕೆ ಹೋದೆವು. ಅವಳು ನುಡಿಸಿದಳು, ಅವನು ತಿರುಗಿಸಿದ. ಅವನ ಕಣ್ಣು ನನ್ನ ಬೆರಳಿನ ಮೇಲಿರಲಿಲ್ಲ. ಅಕ್ಕನ ಮುಖದ ಮೇಲಿತ್ತು. ಅವಳ ಹುಬ್ಬು ಸಡಿಲವಾದಾಗ ಅವನ ಕೈ ನಿಲ್ಲುತ್ತಿತ್ತು. ಮುಳ್ಳಿನ ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಒಂದೊಂದು ಸ್ವರದಲ್ಲೂ ಮುಳ್ಳು ಬಲಕ್ಕೆ ಎಷ್ಟು ಸರಿಯಿತೆಂದು ನೋಡಿದೆ, ಏನೂ ಹೇಳಲಿಲ್ಲ.

ಕೊನೆಯ ತಂತಿ ಮುಗಿದಾಗ ಮೇಡಂ ಬಂದರು. ಅವರು ಏನಾದರೂ ಕೇಳುವ ಮೊದಲೇ ನನ್ನ ಭಾವಮೈದುನ ಚೀಲ ಕೆಳಗಿಟ್ಟು ನೆಟ್ಟಗೆ ನಿಂತ.

"ಮೇಡಂ, ಒಂದು ಮಾತು ಹೇಳ್ಬಿಡ್ತೀನಿ. ಮೇಲಿನ ಇಪ್ಪತ್ತು ಸ್ವರ ನನಗೆ ಕೇಳ್ಸಲ್ಲ. ಅದು ನಮ್ಮಕ್ಕನ ಕಿವಿ. ಕೈ ಮಾತ್ರ ನಂದು. ಬೇಡ ಅಂದ್ರೆ ಈಗ್ಲೇ ಹೇಳಿ."

ಮೇಡಂ ಅವನನ್ನೂ ಅವಳನ್ನೂ ನೋಡಿದರು. ಕುಳಿತು ನುಡಿಸಿದರು. ಪರೀಕ್ಷೆಗೆಂದು ತೊಡಗಿದವರು ಎಲ್ಲಿಯೂ ನಿಲ್ಲಿಸಲಿಲ್ಲ. ನಾವು ನಿಂತಿರುವುದನ್ನೇ ಮರೆತರೆಂದು ತೋರಿತು. ನನಗೆ ಎಂದಿನಂತೆ ಏನೂ ತಿಳಿಯಲಿಲ್ಲ. ಆದರೆ ಬಲಗೈ ಮೇಲಿನ ತುದಿಗೆ ಹೋದಾಗ ನನ್ನ ಹೆಂಡತಿ ತಮ್ಮನ ಮಣಿಕಟ್ಟನ್ನು ಹಿಡಿದುಕೊಂಡದ್ದನ್ನು ಕಂಡೆ. ಆ ಸ್ವರಗಳು ಕೇಳಿಸದ ಅವನು ಅಲ್ಲಾಡದೆ ನಿಂತಿದ್ದ.

ಎರಡು ದಿನದ ಕೆಲಸವಾಯಿತು, ಎಷ್ಟಾಯಿತು ಎಂದು ಮೇಡಂ ಕೇಳಿದರು. ಒಂದು ದಿನದ್ದು ಮಾತ್ರ ಎಂದೆ. ಮೊದಲನೆಯ ದಿನದ ತಪ್ಪು ಅಂಗಡಿಯದು.

ಅಂದಿನಿಂದ ಅವರಿಬ್ಬರೂ ಒಟ್ಟಿಗೇ ಮನೆಮನೆಗೆ ಹೋಗತೊಡಗಿದರು. ಕೆಲವರು ಬಿಟ್ಟುಹೋದರು, ಹೆಚ್ಚಿನವರು ಉಳಿದರು. ಅಂಗಡಿಯಲ್ಲಿ ಕೊಸರು ಕೊಡುವ ಪದ್ಧತಿ ಇಂದಿಗೂ ಇಲ್ಲ. ಅವನು ಗಾಜು ಒರೆಸಲು ಬೀದಿಗಿಳಿದಾಗ ಮಾತ್ರ ನಾನು ಬೇರೆ ಕಡೆ ನೋಡುತ್ತಿದ್ದೆ.

ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಅವನು ಆಗಾಗ ಕೇಳುವುದಿತ್ತು. "ಅಕ್ಕ, ನಿನ್ನ ಪಿಯಾನೋ ಬಾಕಿ ಹಾಗೇ ಇದೆ. ಇಲ್ಲಿರೋದ್ರಲ್ಲಿ ಒಂದನ್ನ ಮನೆಗೆ ಸಾಗಿಸ್ಲಾ? ನನ್ನ ಪಾಲಿನ ದುಡ್ಡಲ್ಲಿ ಹಿಡ್ಕೊಳ್ಳಲಿ ಭಾವ."

"ಇರ್ಲಿ ಬಿಡೋ. ಅದು ತೀರಿದ್ರೆ ಮಧ್ಯಾಹ್ನ ಊಟಕ್ಕೆ ಬರೋದು ನಿಲ್ಲಿಸ್ಬಿಡ್ತೀಯ."

ಅವನು ಊಟಕ್ಕೆ ಬರುವುದನ್ನು ನಿಲ್ಲಿಸಿ ನಾಲ್ಕು ವರ್ಷವಾಯಿತು. ಕಾಯಿಲೆ ಬಿದ್ದು ಮಲಗಿದವನು ಏಳಲಿಲ್ಲ. ಕೊನೆಯ ವಾರದಲ್ಲಿ ಅಕ್ಕನ ಮಾತೂ ಅವನಿಗೆ ಕೇಳಿಸುತ್ತಿರಲಿಲ್ಲ; ಅವಳು ಅವನ ಅಂಗೈಯನ್ನು ತಟ್ಟುತ್ತಿದ್ದಳು, ಅವನು ತಿರುಗಿ ತಟ್ಟುತ್ತಿದ್ದ.

ಅವನ ಪಾಲಿನ ಹಣ ಅಂಗಡಿಯಲ್ಲಿ ಉಳಿದಿತ್ತು. ಒಂದು ಒಳ್ಳೆಯ ಪಿಯಾನೋದ ಬೆಲೆಗೆ ಅದು ಸಾಕಾಗಿ ಮಿಗುತ್ತಿತ್ತು. ನಾನು ಆಳುಗಳನ್ನು ಗೊತ್ತುಮಾಡಿ, ನಮ್ಮ ಮೆಟ್ಟಿಲ ಅಗಲ ಅಳೆದು, ಆಮೇಲೆ ಅವಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕಮಾನನ್ನು ಕೆಳಗಿಡಲಿಲ್ಲ.

"ಬೇಡ. ಅದು ಅವನು ಕೊಡಬೇಕಾದ್ದು, ನೀವಲ್ಲ."

"ಅವನದೇ ಹಣ."

"ಹಣ ಅವನದು. ತಂದುಕೊಡ್ತೀನಿ ಅಂದಿದ್ದೂ ಅವನೇ. ಆ ಮಾತು ನನ್ನ ಹತ್ರಾನೇ ಇರ್ಲಿ ರೀ."

ಆಳುಗಳಿಗೆ ಬೇಡವೆಂದು ಹೇಳಿಕಳಿಸಿದೆ. ಆ ಬಾಕಿ ತೀರಿಲ್ಲ.